ಹಳೆಯ ಸೇಫ್ಟಿ ರೇಜರುಗಳ ಕಾಲನಿರ್ಣಯ

ಮೈಸೂರು–ಊಟಿ ಹೆದ್ದಾರಿಯ ಮೇಲಿರುವ ಬೇಗೂರಿನಂತಹ ಊರುಗಳಲ್ಲಿ ಕ್ಷೌರದ ಕತ್ತಿಯು ಬಹುಕಾಲ ಆಯಗಾರರಲ್ಲೊಬ್ಬನಾದ ಕ್ಷೌರಿಕನ ಕೈಯಲ್ಲಿದ್ದಿತು. ಅವನ ಆಯವು ಸುಗ್ಗಿಯ ಧಾನ್ಯದಲ್ಲಿ ಸಲ್ಲುತ್ತಿದ್ದಿತು. ಆ ಕೆಲಸವನ್ನು ಮನೆಯ ಕನ್ನಡಿಯ ಮುಂದಕ್ಕೆ ತಂದುದು ಸೇಫ್ಟಿ ರೇಜರು. ಆದುದರಿಂದ ಹಳೆಯ ರೇಜರನ್ನು ಕೊಳ್ಳುವವನು ಗ್ರಾಮಜೀವನದ ಪಲ್ಲಟದ ಆಕರವೊಂದನ್ನೇ ಕೊಳ್ಳುತ್ತಾನೆ. ಆಕರದ ಕಾಲ ತಪ್ಪಿದರೆ ಚರಿತ್ರೆಯೂ ತಪ್ಪುವುದು.

ಬಳಸಿ ಬಿಸುಡುವ ಬ್ಲೇಡಿನ ರೇಜರಿಗಾಗಿ ಕಿಂಗ್ ಕ್ಯಾಂಪ್ ಗಿಲೆಟ್ಟನಿಗೆ ಅಮೆರಿಕದಲ್ಲಿ ಪೇಟೆಂಟು ದೊರೆತುದು 1904ರ ನವೆಂಬರ್ 15ರಂದು. ಹಿಂದಿನ ವರ್ಷ ಬಿಕರಿಯಾಗಿದ್ದವು 51 ರೇಜರುಗಳು, 168 ಬ್ಲೇಡುಗಳು ಮಾತ್ರ. ಮುಂದೆ ಅನೇಕ ವರ್ಷ ತಯಾರಾದ ರೇಜರುಗಳ ಮೇಲೂ ಇದೇ ದಿನಾಂಕ ಅಚ್ಚಾಯಿತು. ವ್ಯಾಪಾರಿಯು ಅದನ್ನು ತೋರಿಸಿ ‘1904ರ ರೇಜರು’ ಎಂದು ಬೆಲೆಯೇರಿಸಿದಲ್ಲಿ, ಕೊಳ್ಳುವವನು ಶಾಸನಾಭ್ಯಾಸಿಯ ಎಚ್ಚರವನ್ನು ತಾಳಬೇಕು. ವಸ್ತುವು ಆ ದಿನಕ್ಕಿಂತ ಹಿಂದಿನದಲ್ಲವೆಂಬುದನ್ನಷ್ಟೇ ಆ ಮುದ್ರೆ ಸಾಧಿಸುತ್ತದೆ. 1950ರ ದಶಕದ ಅಮೆರಿಕದ ಗಿಲೆಟ್ ರೇಜರುಗಳಲ್ಲಿ ಅಕ್ಷರವು ವರ್ಷವನ್ನೂ ಅಂಕಿಯು ತ್ರೈಮಾಸಿಕವನ್ನೂ ಸೂಚಿಸುತ್ತವೆ. ‘ಎ–2’ ಎಂದರೆ 1955ರ ಎರಡನೆಯ ತ್ರೈಮಾಸಿಕ.

ಕಾಲವನ್ನು ಗುರುತಿಸಿದ ಬಳಿಕ ಹಿಡಿಯಲ್ಲಿ ಬಿರುಕಿದೆಯೇ, ತಿರುಪು ಸವೆದಿದೆಯೇ, ಬ್ಲೇಡಿನ ಅಂಚು ಇಕ್ಕೆಲಗಳಲ್ಲಿಯೂ ಸಮನಾಗಿ ಕಾಣುವುದೇ ಎಂದು ಪರೀಕ್ಷಿಸಬೇಕು. ಕೊಂಡ ಮೇಲೆ ಅತಿಯಾಗಿ ಉಜ್ಜಲಾಗದು. ಕೊಳೆಯೊಡನೆ ಮುದ್ರೆಯೂ ಅಳಿಯುವುದು. ಮುದ್ರೆಯಳಿದ ರೇಜರು ಗಡ್ಡವನ್ನು ಹೆರೆದೀತು, ಸಾಕ್ಷ್ಯವನ್ನು ನುಡಿಯಲಾರದು.