ದನಿ ಮೊದಲೋ, ಚಿತ್ರ ಮೊದಲೋ?

ಪತ್ರಿಕೋದ್ಯಮ ಓದುವಾಗ ಕೊನೆಯ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಮೂರು ನಿಮಿಷದ ಒಂದು ಅನಿಮೇಷನ್ ಮಾಡಿದೆವು. ನಮ್ಮಲ್ಲೊಬ್ಬಳ ಅಜ್ಜಿ, ಊರ ಕೆರೆ ಕೋಡಿ ಬಿದ್ದ ರಾತ್ರಿಯ ಕಥೆ ಹೇಳುತ್ತಾರೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆವು. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಮಾತಾಡುವ ವಿಡಿಯೊ ಒಂದಿಷ್ಟು, ಉಳಿದಿದ್ದೆಲ್ಲ ನಾವು ಬರೆದ ಚಿತ್ರ. ಉತ್ಸಾಹದಲ್ಲಿ ಚಿತ್ರಗಳನ್ನೆಲ್ಲ ಮೊದಲೇ ಬರೆದು ಮುಗಿಸಿ, ಆಮೇಲೆ ದನಿ ಕೂರಿಸಲು ಕೂತೆವು. ದನಿ ಉದ್ದವಾಯಿತು, ಚಿತ್ರ ಸಾಲಲಿಲ್ಲ. ದನಿಯನ್ನೇ ಅಲ್ಲಲ್ಲಿ ಕತ್ತರಿಸಿದೆವು.

ಅಜ್ಜಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ನೀರು ಬಂತು ಅನ್ನೋಕೆ ಮುಂಚೆ ನಾನು ಸುಮ್ಕಿದ್ನಲ್ಲ, ಅದೆಲ್ಲೋಯ್ತು?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಸಾಲದ್ದಕ್ಕೆ ವಿಡಿಯೊ ಭಾಗದಲ್ಲಿ ಅಜ್ಜಿಯ ತುಟಿ ಮುಂದೆ ಹೋಗಿ ಮಾತು ಹಿಂದೆ ಉಳಿಯುತ್ತಿತ್ತು. ಎಲ್ಲಿ ತಪ್ಪಿದೆವು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೂರು ವರ್ಷದ ಹಿಂದಿನ ಕಥೆ. ಈ ತಪ್ಪನ್ನು ನಮಗಿಂತ ದೊಡ್ಡವರೂ ಮಾಡಿದ್ದರು.

ಸಿನಿಮಾಕ್ಕೆ ಮಾತೇ ಬಾರದಿದ್ದ 1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ ಎಂಬ ವ್ಯಂಗ್ಯಚಿತ್ರಕಾರ 'ಗರ್ಟಿ' ಎಂಬ ಡೈನೋಸಾರ್ ಬರೆದು ಕುಣಿಸಿದರು. ದನಿ ಎಲ್ಲಿಂದ? ಮೆಕೇ ಕೈಯಲ್ಲಿ ಚಾಟಿ ಹಿಡಿದು ಪರದೆಯ ಪಕ್ಕದಲ್ಲೇ ನಿಂತು, ನಮಸ್ಕಾರ ಮಾಡು, ಕಾಲೆತ್ತು ಎಂದು ಗರ್ಟಿಗೆ ಹೇಳುತ್ತಿದ್ದರು. ಅದು ಹಾಗೇ ಮಾಡುತ್ತಿತ್ತು. ಗದರಿದರೆ ಅಳುತ್ತಿತ್ತು. ಜನ ಬೆರಗಾದರು. ಆದರೆ ಯೋಚಿಸಿ: ರೀಲು ಓಡುತ್ತಿರುವಾಗ ಗರ್ಟಿ ಯಾರಿಗೂ ಕಾಯುವುದಿಲ್ಲ. ಮೆಕೇ ತಡವರಿಸಿದರೆ ಅವರು ಹೇಳುವ ಮೊದಲೇ ಅದು ಕಾಲೆತ್ತಿಬಿಡುತ್ತದೆ. ನೋಡುವವರಿಗೆ ಡೈನೋಸಾರ್ ಮನುಷ್ಯನ ಮಾತು ಕೇಳುತ್ತಿತ್ತು. ನಿಜವಾಗಿ ಮನುಷ್ಯನೇ ಡೈನೋಸಾರ್ ಹೇಳಿದಂತೆ ಕುಣಿಯುತ್ತಿದ್ದ.

ನಮ್ಮ ತೊಗಲುಗೊಂಬೆಯವರಿಗೆ ಈ ತೊಂದರೆ ಇಲ್ಲ. ಗೊಂಬೆ ಆಡಿಸುವವರೇ ಹಾಡುತ್ತಾರೆ, ಮಾತಾಡುತ್ತಾರೆ. ಹಾಡು ನಿಧಾನವಾದರೆ ಗೊಂಬೆಯೂ ನಿಧಾನ. ರೀಲಿಗೆ ಆ ಸೌಜನ್ಯ ಇಲ್ಲ.

1927ರ ಅಕ್ಟೋಬರ್‌ನಲ್ಲಿ 'ದಿ ಜಾಝ್ ಸಿಂಗರ್' ಬಂದು ಅಮೆರಿಕದ ಸಿನಿಮಾ ಹಾಡಲು, ಮಾತಾಡಲು ಶುರುಮಾಡಿತು. ಆಗ ಒಂದು ಹೊಸ ಕಟ್ಟಳೆ ಬಂತು. ಅಲ್ಲಿಯವರೆಗೆ ರೀಲಿನ ಓಟ ಅಂದಾಜಿನದು. ಕೈಯಲ್ಲಿ ತಿರುಗಿಸುವ ಕ್ಯಾಮೆರಾ, ತಿರುಗಿಸುವವನ ಕೈ ಹೇಗೋ ಹಾಗೆ. ನಡಿಗೆ ಸ್ವಲ್ಪ ಚುರುಕಾದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಕಿವಿ ಒಪ್ಪುವುದಿಲ್ಲ. ಓಟ ಏರುಪೇರಾದರೆ ಶ್ರುತಿಯೇ ಕೆಡುತ್ತದೆ. ಹಾಗಾಗಿ ಸೆಕೆಂಡಿಗೆ 24 ಚಿತ್ರ ಎಂದು ನಿಗದಿಯಾಯಿತು. ನಾವು ಇಂದು ಮೊಬೈಲ್ ಆ್ಯಪ್‌ನಲ್ಲಿ 24 ಎಂದು ಒತ್ತುತ್ತೇವಲ್ಲ, ಅದು ಕಿವಿಯ ದೆಸೆಯಿಂದ ಬಂದ ಲೆಕ್ಕ.

ಈ ಲೆಕ್ಕವನ್ನು ಚೆನ್ನಾಗಿ ದುಡಿಸಿಕೊಂಡವರು ವಾಲ್ಟ್ ಡಿಸ್ನಿಯ ತಂಡ. 1928ರಲ್ಲಿ ಡಿಸ್ನಿಗೆ 26 ವರ್ಷ. ತಂಡದ ವಿಲ್ಫ್ರೆಡ್ ಜಾಕ್ಸನ್‌ಗೆ 22, ಅಂದರೆ ನಮ್ಮದೇ ವಯಸ್ಸು. ಮಿಕ್ಕಿ ಮೌಸ್ ಹಡಗು ನಡೆಸುವ 'ಸ್ಟೀಮ್‌ಬೋಟ್ ವಿಲ್ಲಿ'ಗೆ ಸಂಗೀತ ಸೇರಿಸಬೇಕಿತ್ತು. ಸಂಗೀತ ಹೇಳಿಕೊಡುವ ತಾಯಿಯ ಮಗ ಜಾಕ್ಸನ್ ಒಂದು ಮೆಟ್ರೊನೋಮ್ ತಂದರು. ಟಕ್ ಟಕ್ ಎಂದು ತಾಳ ಹಾಕುವ ಯಂತ್ರ ಅದು. ಸೆಕೆಂಡಿಗೆ ಎರಡು ಪೆಟ್ಟು ಬಿದ್ದರೆ ಒಂದು ಪೆಟ್ಟಿಗೆ 12 ಚಿತ್ರ. ಮಿಕ್ಕಿ ಪಾತ್ರೆಗೆ ಹೊಡೆಯುವುದು ಯಾವ ಪೆಟ್ಟಿಗೆ, ಅದು ಎಷ್ಟನೇ ಚಿತ್ರ, ಎಲ್ಲ ಬರೆಯುವ ಮೊದಲೇ ಹಾಳೆಯ ಮೇಲೆ ಗುರುತಾಯಿತು.

ಅರ್ಧ ಮುಗಿದಾಗ ಒಂದು ರಾತ್ರಿ ಪರೀಕ್ಷೆ ಮಾಡಿದರು. ಬೆಡ್‌ಶೀಟೇ ಪರದೆ. ಪ್ರೊಜೆಕ್ಟರ್ ಸದ್ದು ಅಡ್ಡ ಬರಬಾರದೆಂದು ಡಿಸ್ನಿಯ ಅಣ್ಣ ರಾಯ್ ಅದನ್ನು ಹೊರಗಿಟ್ಟು ಕಿಟಕಿಯಿಂದ ಚಿತ್ರ ಬಿಟ್ಟರು. ಒಳಗೆ ಜಾಕ್ಸನ್ ಮೌತ್ ಆರ್ಗನ್ ಊದಿದರೆ, ಬೇರೆಯವರು ಪಾತ್ರೆ ಪಗಡ ಬಡಿದರು. ನೋಡಲು ಬಂದಿದ್ದವರು ಅವರವರ ಮನೆಯವರೇ. ಚಿತ್ರಕ್ಕೂ ಸದ್ದಿಗೂ ತಾಳೆಯಾಯಿತು.

ನಂತರ ನ್ಯೂಯಾರ್ಕ್‌ನಲ್ಲಿ ದೊಡ್ಡ ವಾದ್ಯತಂಡ ಇಟ್ಟು ರೆಕಾರ್ಡಿಂಗ್ ಮಾಡಿದರೆ ಮೊದಲ ಸಲ ಎಲ್ಲ ಎಕ್ಕುಟ್ಟಿತು. ಹಣ ಕರಗಿತ್ತು, ಡಿಸ್ನಿ ತಮ್ಮ ಕಾರು ಮಾರಬೇಕಾಯಿತು. ಎರಡನೇ ಸಲಕ್ಕೆ ರೀಲಿನ ಮೇಲೇ ಮೇಲೆ ಕೆಳಗೆ ಪುಟಿಯುವ ಒಂದು ಚೆಂಡಿನ ಗುರುತು ಹಾಕಿದರು. ಸಂಗೀತ ನಿರ್ದೇಶಕ ಮಿಕ್ಕಿಯನ್ನು ಬಿಟ್ಟು ಆ ಚೆಂಡನ್ನೇ ನೋಡುತ್ತಾ ತಾಳ ಕೊಟ್ಟ. ಈ ಸಲ ಕೂಡಿತು. 1928ರ ನವೆಂಬರ್ 18ರಂದು ನ್ಯೂಯಾರ್ಕ್‌ನ ಕಾಲೊನಿ ಥಿಯೇಟರ್‌ನಲ್ಲಿ ಚಿತ್ರ ತೆರೆಕಂಡಿತು. ಇದೇ ಮೊದಲ ಧ್ವನಿ ಕಾರ್ಟೂನ್ ಎಂದು ತುಂಬಾ ಕಡೆ ಬರೆಯುತ್ತಾರೆ, ಅದು ತಪ್ಪು. ಫ್ಲೈಷರ್ ಸಹೋದರರು 1924ರಿಂದಲೇ ಹಾಡಿನ ಕಾರ್ಟೂನ್ ಮಾಡುತ್ತಿದ್ದರು. ಜನರ ಮನಸ್ಸಿಗೆ ಹತ್ತಿದ್ದು ಮಾತ್ರ ಮಿಕ್ಕಿ.

ಅದೇ ಫ್ಲೈಷರ್‌ಗಳು 1930ರ ದಶಕದಲ್ಲಿ 'ಪಾಪೈ' ಮಾಡುವಾಗ ನಮ್ಮ ಹಾಗೆಯೇ ಚಿತ್ರ ಮೊದಲು, ಮಾತು ಆಮೇಲೆ ಎನ್ನುವ ದಾರಿ ಹಿಡಿದರು. ಪಾಪೈ ಬಾಯಿ ಆಡಿಸದೆಯೇ ಏನೇನೋ ಗೊಣಗುವುದನ್ನು ನೀವು ಗಮನಿಸಿರಬಹುದು. ಮುಗಿದ ಚಿತ್ರ ನೋಡುತ್ತಾ ಕಲಾವಿದರು ಬಾಯಿಗೆ ಬಂದದ್ದನ್ನು ತುಂಬಿಸಿದ್ದರ ಫಲ ಅದು. ಅದೂ ಒಂದು ಚಂದವೇ. ಆದರೆ ನಮ್ಮ ಅಜ್ಜಿ ಪಾಪೈ ಅಲ್ಲವಲ್ಲ.

ಡಿಸ್ನಿಯಂಥ ಕಡೆ ಮಾತನ್ನು ಮೊದಲು ರೆಕಾರ್ಡ್ ಮಾಡಿ, ಯಾವ ಅಕ್ಷರ ಎಷ್ಟನೇ ಚಿತ್ರಕ್ಕೆ ಬರುತ್ತದೆ ಎಂದು ಹಾಳೆಯಲ್ಲಿ ಇಳಿಸಿ, ಆಮೇಲೆ ಬಾಯಿ ಬರೆಯುವುದು ರೂಢಿಯಾಯಿತು. ಅಲ್ಲಿ ಪಳಗಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈಗೆ ಬಂದು ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ವಿಭಾಗದ ನಮ್ಮ ಚಿತ್ರಕಾರರಿಗೆ ತರಬೇತಿ ಕೊಟ್ಟರು. ಜಾತಕ ಕಥೆಯಿಂದ ಹುಟ್ಟಿದ 'ದಿ ಬನಿಯನ್ ಡೀರ್' 1957ರಲ್ಲಿ ಬಂತು. ಮುಂದೆ 1974ರಲ್ಲಿ ವಿಜಯಾ ಮುಳೆ ನಿರ್ದೇಶನದ, ಭೀಮಸೇನ್ ಅನಿಮೇಷನ್ ಮಾಡಿದ 'ಏಕ್ ಅನೇಕ್ ಔರ್ ಏಕತಾ' ದೂರದರ್ಶನದಲ್ಲಿ ಮನೆಮಾತಾಯಿತು. ಬಲೆ ಎತ್ತಿಕೊಂಡು ಹಾರುವ ಹಕ್ಕಿಗಳ ಆ ಹಾಡು ಹಿಂದಿ ಬಾರದ ನಮ್ಮ ಅಪ್ಪ ಅಮ್ಮಂದಿರಿಗೂ ನೆನಪಿದೆ.

ಇನ್ನು ನಮ್ಮ ವಿಡಿಯೊದ ರೋಗ. ಫೋನಿನಲ್ಲಿ ಸೆಕೆಂಡಿಗೆ 30 ಎಂದು ಇದ್ದರೂ ಬೆಳಕು ಕಡಿಮೆಯಾದಾಗ ತುಂಬಾ ಫೋನುಗಳು ಅಷ್ಟು ಚಿತ್ರ ತೆಗೆಯುವುದಿಲ್ಲ. ಕೈಯಲ್ಲಿ ತಿರುಗಿಸುವ ಕ್ಯಾಮೆರಾದ ಹಾಗೆಯೇ ಓಟ ಏರುಪೇರು. ಎಡಿಟಿಂಗ್ ಆ್ಯಪ್ ಎಲ್ಲವೂ 30 ಎಂದು ನಂಬಿ ಜೋಡಿಸುತ್ತದೆ, ದನಿ ಜಾರುತ್ತದೆ. ಅಜ್ಜಿಯ ನಡುಮನೆಯಲ್ಲಿ ಬೆಳಕು ಬರುವುದು ಒಂದೇ ಗವಾಕ್ಷಿಯಿಂದ! ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಡಿಯೊವನ್ನು ಒಂದೇ ಓಟಕ್ಕೆ ತಂದ ಮೇಲೆ ತುಟಿ, ಮಾತು ಕೂಡಿದವು. ದನಿಯನ್ನು ಬೇರೆ ಫೋನಿನಲ್ಲಿ ಹಿಡಿಯುವವರು ಶುರುವಿನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಕೈ ಕೂಡಿದ ಚಿತ್ರವನ್ನೂ ಆ ಸದ್ದನ್ನೂ ಒಂದರ ಕೆಳಗೊಂದು ಇಟ್ಟರೆ ಉಳಿದದ್ದು ಸರಿಹೋಗುತ್ತದೆ. ಸಿನಿಮಾದವರ ಕ್ಲಾಪ್ ಬೋರ್ಡಿನ ಗುಟ್ಟೂ ಇಷ್ಟೇ.

ಉಳಿದದ್ದು ಅಜ್ಜಿಯ ಮೌನ. ಕತ್ತರಿಸದ ಮೂಲ ದನಿ ತೆಗೆದು ಮತ್ತೆ ಕೇಳಿದೆವು. "ನಾಯಿ ಬೊಗಳ್ತಿತ್ತು, ಆಮೇಲೆ ಅದೂ ನಿಲ್ಲಿಸ್ತು" ಎಂದ ಮೇಲೆ ನಾಲ್ಕು ಸೆಕೆಂಡು ಏನೂ ಇಲ್ಲ. ಹುಣಸೆ ಬೀಜ ಮೊರಕ್ಕೆ ಬೀಳುವ ಸದ್ದು ಮಾತ್ರ. ನಾಲ್ಕು ಸೆಕೆಂಡು ಎಂದರೆ 96 ಚಿತ್ರ. ಈ ಸಲ ಹಾಳೆಯಲ್ಲಿ ಅಷ್ಟೂ ಮನೆಗಳನ್ನು ಗುರುತು ಮಾಡಿಕೊಂಡು, ಕತ್ತಲಲ್ಲಿ ಒಂದು ಬುಡ್ಡಿ ದೀಪ ಬರೆದೆವು. ಎರಡೇ ಎರಡು ಜ್ವಾಲೆ, ಒಂದಾದ ಮೇಲೆ ಒಂದು, ಮತ್ತೆ ಮತ್ತೆ.

ಯುಗಾದಿಗೆ ಹೋದಾಗ ಅಜ್ಜಿಗೆ ಫೋನಿನಲ್ಲಿ ತೋರಿಸಿದೆವು. ಆ ಜಾಗ ಬಂದಾಗ ಅಜ್ಜಿ ಈಗಲೂ ಸುಮ್ಮನಿದ್ದರು. ಮುಗಿದ ಮೇಲೆ ಹೇಳಿದರು: "ಸರಿಯಾಗೈತೆ. ದೀಪ ಅಷ್ಟು ದೊಡ್ಡದಿರ್ಲಿಲ್ಲ ಕಣವ್ವಾ, ಸೀಮೆಣ್ಣೆ ಎಲ್ಲಿತ್ತು?"