ತಾಮ್ರದ ಕೆಟಲಿಗಾಗಿ ಅರಳಿದ ಹೂವು

ಪುಷ್ಪಪ್ರದರ್ಶನಕ್ಕೆ ಹೋಗಿ ಬಂದವರು ಹೂವಿನ ಬಣ್ಣವನ್ನು ಹೊಗಳುತ್ತಾರೆ, ಜನಸಂದಣಿಯನ್ನು ಬೈಯುತ್ತಾರೆ. ಕುಂಡದ ಬುಡಕ್ಕೆ ಒರಗಿಸಿಟ್ಟ ಬಹುಮಾನದ ಚೀಟಿಯನ್ನು ಓದುವವರು ಕಡಮೆ. ಆ ಚೀಟಿಯ ಹಿಂದೆ ಯಾರೋ ಒಬ್ಬರ ತಿಂಗಳುಗಟ್ಟಲೆಯ ಕಾವಲು ಇರುತ್ತದೆ. ತನ್ನ ಹಿತ್ತಲಲ್ಲಿ ಅರಳಿದ್ದನ್ನು ನಾಲ್ಕು ಜನರ ಮುಂದೆ ತಂದಿಟ್ಟು, "ಇದು ಹೇಗಿದೆ, ಹೇಳಿ" ಎಂದು ಕೇಳುವುದು ಸಣ್ಣ ಧೈರ್ಯವಲ್ಲ. ಹೂವನ್ನು ದೇವರ ಮುಡಿಗೋ ಹೆಣ್ಣಿನ ಜಡೆಗೋ ಏರಿಸದೆ, ಮೇಜಿನ ಮೇಲೆ ಪಂದ್ಯಕ್ಕೆ ನಿಲ್ಲಿಸುವ ಪದ್ಧತಿ ಹೇಗೆ ಹುಟ್ಟಿತು? ಇದರ ಜಾಡು ಹಿಡಿದು ಹೊರಟರೆ ನಾವು ಅರಮನೆಯ ಉದ್ಯಾನಕ್ಕೆ ಹೋಗಿ ಮುಟ್ಟುವುದಿಲ್ಲ. ಇಂಗ್ಲೆಂಡಿನ ಬಡ ನೇಕಾರರ ಕಿಟಕಿಯ ಬಳಿ ಬಂದು ನಿಲ್ಲುತ್ತೇವೆ.

ಮೊದಲು ಇಂದಿನ ನೋಟವನ್ನೇ ನೋಡೋಣ. ಆ ದೇಶದ ಹಳ್ಳಿಗಳಲ್ಲಿ ಚಳಿ ಹಿಂದೆಗೆದು ವಸಂತ ಕಾಲಿಡುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಊರಿನ ಸಭಾಗೃಹದಲ್ಲಿ ಒಂದು ಪ್ರದರ್ಶನ ನಡೆಯುವುದುಂಟು. ಉದ್ದನೆಯ ಮೇಜುಗಳ ಮೇಲೆ ಒಂದು ಕಡೆ ಡ್ಯಾಫೊಡಿಲ್, ಪ್ರಿಮ್‌ರೋಸ್ ಹೂಗಳು. ಇನ್ನೊಂದು ಕಡೆ ಕೇಕು, ಬ್ರೆಡ್ಡು, ಹಣ್ಣಿನ ಜಾಮು. ಮತ್ತೊಂದು ಕಡೆ ಕಸೂತಿ, ಉಣ್ಣೆಯ ಹೆಣಿಗೆ, ಮರದ ಕೆತ್ತನೆ. ಸೇರಬಯಸುವವರು ಮೊದಲೇ ಅಚ್ಚಾಗಿರುವ ಪಟ್ಟಿಯೊಂದನ್ನು ತಂದು ಮನಸ್ಸಿಟ್ಟು ಓದಬೇಕು. 'ಮೂರು ಹೂ' ಎಂದಿದ್ದರೆ ಮೂರೇ. ನಾಲ್ಕನೆಯದು ಎಷ್ಟು ಚೆಲುವಾಗಿದ್ದರೂ ಇಡುವ ಹಾಗಿಲ್ಲ. ಅಲ್ಪ ಶುಲ್ಕ ಕೊಟ್ಟು, ಬೆಳಗ್ಗೆ ಬಂದು ತಮ್ಮದನ್ನು ಒಪ್ಪವಾಗಿ ಜೋಡಿಸಿ, ಹೆಸರು ಕಾಣದಂತೆ ಚೀಟಿಯನ್ನು ಮಗುಚಿಟ್ಟು ಹೊರಗೆ ಹೋಗಬೇಕು. ಆಮೇಲೆ ತೀರ್ಪುಗಾರರ ಕೆಲಸ. ಮಧ್ಯಾಹ್ನ ಬಾಗಿಲು ತೆರೆದಾಗ ಕೆಲವರ ಚೀಟಿಯ ಮೇಲೆ ಬಹುಮಾನ. ಕೆಲವರದರ ಮೇಲೆ 'ಪಟ್ಟಿಯಲ್ಲಿ ಹೇಳಿದಂತೆ ಇಲ್ಲ' ಎಂಬ ಅರ್ಥದ ಮೂರು ಇಂಗ್ಲಿಷ್ ಅಕ್ಷರಗಳು. ಸೋಲನ್ನಾದರೂ ತಡೆದುಕೊಳ್ಳಬಹುದು, ಆ ಮೂರು ಅಕ್ಷರಗಳನ್ನು ತಡೆಯುವುದು ಕಷ್ಟ.

ಡ್ಯಾಫೊಡಿಲ್ ಹೂವಿಗಂತೂ ಅಳತೆಗೋಲೇ ಇದೆ. ಕಡ್ಡಿಗೊಂದೇ ಹೂ ಬಿಡುವ ಜಾತಿಗಳಲ್ಲಿ ನಡುವಿನ ತುತ್ತೂರಿ ಸುತ್ತಣ ಎಸಳಿನಷ್ಟೇ ಉದ್ದವಿದ್ದರೆ, ಅಥವಾ ಅದನ್ನು ಮೀರಿದ್ದರೆ, ಅದು ಒಂದನೆಯ ವರ್ಗ. ಎಸಳಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿದ್ದು ಪೂರ್ತಿ ಉದ್ದಕ್ಕೆ ಬಾರದಿದ್ದರೆ ಎರಡನೆಯ ವರ್ಗ. ಹೂವನ್ನು ಹೀಗೆ ಅಳೆಯುವುದು ಅರಸಿಕರ ಕೆಲಸವಲ್ಲವೆ ಎಂದು ನಮಗೆ ತೋರಬಹುದು. ಆದರೆ ಈ ಅಳತೆಯನ್ನು ಹುಟ್ಟುಹಾಕಿದವರು ಅರಸಿಕರಲ್ಲ. ಬದುಕಿನಲ್ಲಿ ಬೇರೆಲ್ಲಿಯೂ ಸರಿಯಾದ ಅಳತೆ ಸಿಗದಿದ್ದ ಜನ ಅವರು.

ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ೧೬೩೧ರ ಮೇ ತಿಂಗಳಲ್ಲಿ ಹೂ ಬೆಳೆಸುವವರ ಒಂದು ಔತಣ ನಡೆಯಿತು. ಅದಕ್ಕಾಗಿಯೇ ರಾಲ್ಫ್ ನೆವೆಟ್ ಎಂಬಾತ 'ರೋಡನ್ ಮತ್ತು ಐರಿಸ್' ಎಂಬ ನಾಟಕವನ್ನು ಬರೆದುಕೊಟ್ಟಿದ್ದನು. ನಾರ್ವಿಚ್ ನೇಯ್ಗೆಯ ಊರು. ಹದಿನಾರನೆಯ ಶತಮಾನದಲ್ಲಿ ಫ್ಲಾಂಡರ್ಸ್ ಸೀಮೆಯಿಂದ ಓಡಿಬಂದ ನೇಕಾರರಿಗೆ ಆಶ್ರಯ ಕೊಟ್ಟ ಊರು. ಹೂವಿನ ಮೋಹವನ್ನು ಅವರೇ ತಮ್ಮ ಗಂಟುಮೂಟೆಯೊಡನೆ ತಂದರೆಂದು ಒಂದು ಪ್ರತೀತಿಯಿದೆ. ಪ್ರತೀತಿ ಹೇಗೇ ಇರಲಿ, 'ಫ್ಲಾರಿಸ್ಟ್' ಎಂಬ ಮಾತಿಗೆ ಆ ಕಾಲದಲ್ಲಿ ಹೂ ಮಾರುವವನು ಎಂಬ ಅರ್ಥವಿರಲಿಲ್ಲ. ಟ್ಯೂಲಿಪ್, ಕಾರ್ನೇಷನ್, ಆರಿಕ್ಯುಲ ಮೊದಲಾದ ಕೆಲವೇ ಹೂಗಳನ್ನು ಆಯ್ದುಕೊಂಡು, ಅವುಗಳ ರೂಪವನ್ನು ತಿದ್ದಿ ತೀಡುವುದನ್ನೇ ವ್ರತವಾಗಿ ಹಿಡಿದವನು ಫ್ಲಾರಿಸ್ಟ್.

ಈ ವ್ರತ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯಾಂಕಾಷೈರ್, ಯಾರ್ಕ್‌ಷೈರ್ ಕಡೆಯ ಮಗ್ಗದ ಮನೆಗಳನ್ನು ಹೊಕ್ಕಿತ್ತು. ಅಲ್ಲಿನ ಮೆಚ್ಚಿನ ವಸಂತಪುಷ್ಪ ಆರಿಕ್ಯುಲ. ಆಲ್ಪ್ಸ್ ಬೆಟ್ಟಗಳ ಮೂಲದ ಈ ಗಿಡದ ಹೂವು ನಾಣ್ಯದಂತೆ ಚಪ್ಪಟೆ, ದುಂಡಗೆ. ನಡುವೆ ಚಿನ್ನದ ಬಣ್ಣದ ಕಣ್ಣು, ಅದರ ಸುತ್ತ ಬಿಳಿಯ ಬಳೆ, ಆಮೇಲೆ ಕಪ್ಪು, ಕಟ್ಟಕಡೆಗೆ ಹಸುರು ಅಥವಾ ಬೂದು ಬಣ್ಣದ ಅಂಚು. ಈ ಬಳೆಗಳೆಲ್ಲ ಒಂದಕ್ಕೊಂದು ಸಮನಾಗಿರಬೇಕು. ಇಳಕಲ್ಲಿನ ನೇಕಾರನು ಸೀರೆಯ ದಡಿಯಲ್ಲಿ ಒಂದು ಎಳೆ ತಪ್ಪಿದರೂ ಗುರುತಿಸುವಂತೆ, ಲ್ಯಾಂಕಾಷೈರಿನ ನೇಕಾರನು ಹೂವಿನ ಅಂಚಿನ ಕೂದಲೆಳೆಯ ದೋಷವನ್ನೂ ಗುರುತಿಸುತ್ತಿದ್ದನು. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಶಾಲು ನೇಯುತ್ತಿದ್ದವರು 'ಪಿಂಕ್' ಎಂಬ ಹೂವಿನ ಎಸಳುಗಳಿಗೆ ಕಸೂತಿಯಂತಹ ಅಂಚು ಮೂಡಿಸಿ ಹೆಸರಾದರು. ಕೈ ಕಲಿತ ಕೆಲಸವೇ ಕಣ್ಣಿಗೂ ಪಾಠ ಹೇಳಿತ್ತು.

ಇವರ ಪ್ರದರ್ಶನಕ್ಕೆ ಸಭಾಗೃಹವಿರಲಿಲ್ಲ. ಊರಿನ ಪಾನಗೃಹವೇ ಮಂಟಪ. ಸದಸ್ಯರು ವಂತಿಗೆ ಹಾಕಿ ಬಹುಮಾನ ತರುತ್ತಿದ್ದರು. ಹೊಳೆಯುವ ತಾಮ್ರದ ಕೆಟಲೊಂದು ಪಾನಗೃಹದ ಹೊರಗೆ ತೂಗುತ್ತಿದ್ದರೆ ಪಂದ್ಯ ಹತ್ತಿರ ಬಂತೆಂದು ಊರಿಗೆಲ್ಲ ತಿಳಿಯುತ್ತಿತ್ತು. ಕುಂಡವನ್ನು ಎದೆಗವಚಿಕೊಂಡು ಮೈಲಿಗಟ್ಟಲೆ ನಡೆದು ಬರುವವರಿದ್ದರು. ಊಟ ಮುಗಿದ ಮೇಲೆ ಹೂವುಗಳು ಮೇಜಿನ ಸುತ್ತ ಕೈಯಿಂದ ಕೈಗೆ ಸಾಗುತ್ತಿದ್ದವು. ಪ್ರತಿಯೊಬ್ಬನೂ ನೋಡಿ, ತೂಗಿ, ಪಕ್ಕದವನಿಗೆ ದಾಟಿಸುತ್ತಿದ್ದನು. ಗೊಬ್ಬರದ ಪಾಕವನ್ನಂತೂ ಮಂತ್ರದಂತೆ ಕಾಯುತ್ತಿದ್ದರು. ೧೮೧೫ರಲ್ಲಿ ಆರಿಕ್ಯುಲವನ್ನು ಕುರಿತು ಪುಸ್ತಕ ಬರೆದ ಐಸಾಕ್ ಎಮರ್ಟನ್ ಎಂಬಾತ ಹೆಬ್ಬಾತಿನ ಹಿಕ್ಕೆ, ಎತ್ತಿನ ರಕ್ತ, ಸಕ್ಕರೆ ಕಾಯಿಸುವವರ ಕೊಪ್ಪರಿಗೆಯ ಕಲ್ಮಷ ಇವನ್ನೆಲ್ಲ ಸೇರಿಸಲು ಹೇಳುತ್ತಾನೆ. ಅಷ್ಟು ಸುಕುಮಾರವಾದ ಹೂವಿಗೆ ಎಂತಹ ನೈವೇದ್ಯ!

ಬಡವನಿಗೆ ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಉತ್ತರ ಮಗ್ಗದಲ್ಲಿದೆ. ಮಗ್ಗ ಮನೆಯೊಳಗಿತ್ತು, ಕೂಲಿ ನೇಯ್ದ ಬಟ್ಟೆಗೆ, ಕಳೆದ ಗಂಟೆಗಲ್ಲ. ಆರಿಕ್ಯುಲದ ಎಸಳಿನ ಮೇಲಿರುವ ಹಿಟ್ಟಿನಂತಹ ಬಿಳಿಯ ಪುಡಿ ಒಂದು ಹನಿ ಮಳೆ ಬಿದ್ದರೂ ಕದಡಿಹೋಗುತ್ತದೆ. ಮೋಡ ಕವಿದರೆ ನೇಕಾರನು ಲಾಳಿಯನ್ನು ಬದಿಗಿಟ್ಟು ಎದ್ದುಹೋಗಿ ಕುಂಡಕ್ಕೆ ಮರೆ ಮಾಡಬಹುದಾಗಿತ್ತು. ಬಿಸಿಲೇರಿದರೆ ನೆರಳಿಗೆ ಸರಿಸಬಹುದಾಗಿತ್ತು. ಬಡತನವಿದ್ದರೂ ಹೊತ್ತು ಅವನದಾಗಿತ್ತು. ಎಲಿಜಬೆತ್ ಗ್ಯಾಸ್ಕೆಲ್ ೧೮೪೮ರಲ್ಲಿ ಪ್ರಕಟಿಸಿದ 'ಮೇರಿ ಬಾರ್ಟನ್' ಕಾದಂಬರಿಯಲ್ಲಿ, ಮಗ್ಗದ ಮೇಲೆ ನ್ಯೂಟನ್ನನ ಗ್ರಂಥವನ್ನು ತೆರೆದಿಟ್ಟುಕೊಂಡ ನೇಕಾರರೂ ಸಸ್ಯಗಳ ಹೆಸರುಗಳನ್ನೆಲ್ಲ ಬಲ್ಲ ನೇಕಾರರೂ ಬರುತ್ತಾರೆ. ಅದು ಬರಿಯ ಕಲ್ಪನೆಯಲ್ಲ.

ಆದರೆ ಆ ಕಾದಂಬರಿ ಬರುವ ಹೊತ್ತಿಗೆ ಆ ಲೋಕ ಮುಳುಗುತ್ತಿತ್ತು. ೧೮೨೦ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹತ್ತಿ ಬಟ್ಟೆಯ ಕೈಮಗ್ಗದ ನೇಕಾರರು ಸುಮಾರು ೨,೪೦,೦೦೦ ಮಂದಿ ಇದ್ದರೆಂದೂ ೧೮೫೦ರ ಹೊತ್ತಿಗೆ ಅವರು ನಲವತ್ತು ಸಾವಿರದ ಆಸುಪಾಸಿಗೆ ಇಳಿದರೆಂದೂ ಅಂದಾಜಿದೆ. ಉಗಿಯ ಮಗ್ಗ ಕೂಲಿಯನ್ನು ಕೆಳಗೆಳೆಯಿತು. ಕಾರ್ಖಾನೆಯ ಗಂಟೆ ಹೊತ್ತನ್ನು ಕಿತ್ತುಕೊಂಡಿತು. ಹೊಗೆ ಹೂವನ್ನು ಮಸುಳಿಸಿತು. ಗಿರಣಿಯ ಬಾಗಿಲಲ್ಲಿ ನಿಂತು, "ಮೋಡ ಕವಿದಿದೆ, ನನ್ನ ಹೂವಿಗೆ ಮರೆ ಮಾಡಿ ಬರುತ್ತೇನೆ" ಎಂದು ಹೇಳಿಹೋಗುವ ಹಾಗಿರಲಿಲ್ಲ. ಹಳೆಯ ತಳಿಗಳು ಒಂದೊಂದಾಗಿ ಅಳಿದವು. ಆರಿಕ್ಯುಲವನ್ನು ಉಳಿಸಿಕೊಳ್ಳಲು ೧೮೭೦ರ ದಶಕದಲ್ಲಿ ಒಂದು ಸಂಘವನ್ನೇ ಕಟ್ಟಬೇಕಾಯಿತು. ಕೈಮಗ್ಗದವರ ಸಂಕಟವನ್ನು ಬರೆಯುವವರು ಅನ್ನದ ಲೆಕ್ಕ ಬರೆಯುತ್ತಾರೆ, ಬರೆಯಬೇಕಾದದ್ದೇ. ಅನ್ನದ ಜೊತೆಗೆ ಈ ಹೂವೂ ಹೋಯಿತೆಂಬುದನ್ನು ಮರೆಯಬಾರದು.

ಪಂದ್ಯ ಮಾತ್ರ ಸಾಯಲಿಲ್ಲ. ಬೇರೊಂದು ಕಡೆ ಚಿಗುರಿತು. ಡಾರ್ವಿನ್ನನಿಗೆ ಕೇಂಬ್ರಿಜ್‌ನಲ್ಲಿ ಗುರುವಾಗಿದ್ದ ಜಾನ್ ಸ್ಟೀವನ್ಸ್ ಹೆನ್ಸ್ಲೊ ೧೮೩೭ರಲ್ಲಿ ಸಫೊಕ್ ಪ್ರಾಂತದ ಹಿಚಮ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದನು. ಕೂಲಿಗಾರರ ದಾರಿದ್ರ್ಯವನ್ನು ಕಂಡು ಅವರಿಗೆ ಬೇಸಾಯಕ್ಕೆ ಸಣ್ಣ ಸಣ್ಣ ತುಂಡು ಭೂಮಿ ಕೊಡಿಸಲು ಹೊರಟಾಗ ಊರಿನ ದೊಡ್ಡ ರೈತರು ವಿರೋಧಿಸಿದರು. ಕೂಲಿಯವನು ತನ್ನ ತುಂಡಿನಲ್ಲಿ ದುಡಿದರೆ ನಮ್ಮ ಹೊಲದಲ್ಲಿ ಮೈಬಗ್ಗಿಸುವನೇ ಎಂಬುದು ಅವರ ಅಳಲು. ಹೆನ್ಸ್ಲೊ ಜಗ್ಗಲಿಲ್ಲ. ತನ್ನ ಮನೆಯ ಹುಲ್ಲುಹಾಸಿನ ಮೇಲೆ ಪ್ರದರ್ಶನ ಏರ್ಪಡಿಸಿ ಕೂಲಿಗಾರರು ಬೆಳೆದ ತರಕಾರಿಗೂ ಹೂವಿಗೂ ಬಹುಮಾನ ಕೊಟ್ಟನು. ಶಾಲೆಯ ಮಕ್ಕಳು ಆರಿಸಿತಂದ ಕಾಡುಹೂಗಳಿಗೂ ಕೊಟ್ಟನು. ಇಂತಹ ಪ್ರದರ್ಶನಗಳು ಆ ಶತಮಾನದಲ್ಲಿ ಹಳ್ಳಿಹಳ್ಳಿಗೂ ಹಬ್ಬಿದವು. ಅವುಗಳಲ್ಲಿ ದೊಡ್ಡವರ ದರ್ಪವೂ ಬೆರೆತಿತ್ತು. ಬಡವನು ಪಾನಗೃಹ ಬಿಟ್ಟು ತೋಟ ಸೇರಲಿ ಎಂಬ ಉಪದೇಶ ಬಹುಮಾನದ ಬೆನ್ನಿಗೆ ಅಂಟಿಕೊಂಡೇ ಬರುತ್ತಿತ್ತು. ಅಚ್ಚುಕಟ್ಟಾದ ಗುಡಿಸಲಿಗೂ ಬಹುಮಾನವಿಡುತ್ತಿದ್ದರು. ಆದರೂ ತಾನು ಬೆಳೆದ ಗೆಡ್ಡೆಯನ್ನು ಹೊತ್ತು ತಂದವನು ಉಪದೇಶಕ್ಕಾಗಿ ಬಂದಿರಲಿಲ್ಲ. ತನ್ನ ಗೆಡ್ಡೆ ಹೇಗಿದೆಯೆಂದು ಕೇಳಲು ಬಂದಿದ್ದನು.

ಕೇಕಿನ ಕಥೆ ಸ್ವಲ್ಪ ಈಚಿನದು. ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ತನ್ನ ಪತ್ನಿಗೆ ಹುದುಗು ಒಗ್ಗದೆಂದು ೧೮೪೩ರಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಕೇಕು ಹಗುರವಾಗಿ ಉಬ್ಬುವುದು ಅದರಿಂದ ಸುಲಭವಾಯಿತು. ರಾಣಿಯ ಹೆಸರು ಹೊತ್ತ 'ವಿಕ್ಟೋರಿಯ ಸ್ಯಾಂಡ್‌ವಿಚ್' ಕೇಕು ೧೮೬೧ರಲ್ಲಿ ಬಂದ ಶ್ರೀಮತಿ ಬೀಟನ್ನಳ ಗೃಹಕೃತ್ಯದ ಪುಸ್ತಕದಲ್ಲಿ ಕಾಣಿಸುತ್ತದೆ. ಆದರೆ ಹೆಂಗಸರ ಕೈಗೆಲಸಕ್ಕೆ ಸಂಘಟನೆಯ ಬಲ ಬಂದದ್ದು ಕೆನಡದಿಂದ. ಅಡಿಲೇಡ್ ಹುಡ್‌ಲೆಸ್ ಎಂಬಾಕೆ ೧೮೮೯ರಲ್ಲಿ ತನ್ನ ಎಳೆಯ ಮಗನನ್ನು ಕಳೆದುಕೊಂಡಳು. ಕಲುಷಿತವಾದ ಹಾಲೇ ಕಾರಣವೆಂದು ಹೇಳುತ್ತಾರೆ. ಮನೆವಾರ್ತೆಯೂ ಕಲಿಯಬೇಕಾದ ವಿದ್ಯೆಯೇ ಎಂದು ಸಾರುತ್ತ ಹೊರಟ ಆ ತಾಯಿಯ ಪ್ರೇರಣೆಯಿಂದ ೧೮೯೭ರಲ್ಲಿ ಒಂಟಾರಿಯೊ ಪ್ರಾಂತದ ಸ್ಟೋನಿ ಕ್ರೀಕ್‌ನಲ್ಲಿ ಮೊದಲ ಮಹಿಳಾ ಸಂಘ ಹುಟ್ಟಿತು. ಬ್ರಿಟನ್ನಿನ ಮೊದಲ ಸಂಘ ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ ೧೯೧೫ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಆರಂಭವಾಯಿತು. ಎರಡನೆಯ ಯುದ್ಧದಲ್ಲಿ ಸಕ್ಕರೆಗೆ ಪಡಿತರವಿದ್ದಾಗ ಸರ್ಕಾರ ಈ ಹೆಂಗಸರಿಗೆ ಸಕ್ಕರೆ ಒದಗಿಸಿ, ಹಣ್ಣು ಕೊಳೆತುಹೋಗದಂತೆ ಜಾಮು ಮಾಡಿಸಿತು.

ಪ್ರದರ್ಶನದ ಮೇಜಿನಲ್ಲಿ ಕೇಕು, ಕಸೂತಿಗಳು ಹೂವಿನ ಸಮಕ್ಕೆ ನಿಂತದ್ದರ ಹಿಂದೆ ಈ ಸಂಘಗಳ ದುಡಿಮೆ ಬಹಳವಿದೆ. ತೀರ್ಪು ಹೇಳುವುದನ್ನೂ ಒಂದು ವಿದ್ಯೆಯಾಗಿ ಅವು ಕಲಿಸುತ್ತ ಬಂದಿವೆ. ಕೇಕಿನ ಎರಡು ಪದರಗಳು ಸಮನಾಗಿರಬೇಕು, ಆರಲಿಟ್ಟ ತಂತಿಯ ಗೆರೆ ಮೇಲೆ ಮೂಡಿರಬಾರದು ಎಂದೆಲ್ಲ ಅಲ್ಲಿ ನೋಡುತ್ತಾರೆ. ಹೊರಗಿನವರಿಗೆ ಇದು ನಗೆಯ ವಿಷಯವಾಗಬಹುದು. ಆದರೆ ಮನೆಯ ಅಡುಗೆಯ ಹಣೆಬರಹ ನಮಗೆ ಗೊತ್ತಿಲ್ಲವೆ? ಬಡಿಸಿದ್ದನ್ನು ಉಂಡು ಏಳುತ್ತಾರೆ. ಉಪ್ಪು ಹೆಚ್ಚಾದ ದಿನ ಮಾತ್ರ ಮಾತು ಬರುತ್ತದೆ. ದಿನವೂ ಮಾಡಿ ದಿನವೂ ಮರೆತುಹೋಗುವ ಕೆಲಸವನ್ನು ಒಂದು ದಿನವಾದರೂ ಬಿಳಿಯ ತಟ್ಟೆಯಲ್ಲಿಟ್ಟು, ಬಲ್ಲವರು ಬಗ್ಗಿ ನೋಡಿ, ಮಾಡಿದವಳ ಹೆಸರನ್ನು ಓದುತ್ತಾರೆ. ನಿಯಮ ಕಟ್ಟುನಿಟ್ಟಾಗಿದ್ದಷ್ಟೂ ಆ ಗೌರವ ದೊಡ್ಡದು. ಮುಖ ನೋಡಿ ಕೊಟ್ಟ ಹೊಗಳಿಕೆ ಅಲ್ಲವೆಂಬ ನೆಮ್ಮದಿ ಅದರಲ್ಲಿದೆ.

ಈ ಪದ್ಧತಿ ಇಂಗ್ಲಿಷರೊಡನೆ ನಮ್ಮ ನಾಡಿಗೂ ಬಂತು. ಲಾಲ್‌ಬಾಗಿನ ಗಾಜಿನ ಮನೆಗೆ ರಾಜಕುಮಾರ ಆಲ್ಬರ್ಟ್ ವಿಕ್ಟರ್ ೧೮೮೯ರ ನವೆಂಬರ್ ೩೦ರಂದು ಅಡಿಗಲ್ಲು ಹಾಕಿದನು. ಕ್ರುಂಬಿಗಲ್ ಅವರ ಕಾಲದಲ್ಲಿ, ೧೯೧೨ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಇಂದು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಅಲ್ಲಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ನೋಡಲು ಬರುವವರ ಸಾಲು ಉದ್ದ. ತಮ್ಮದನ್ನು ತಂದಿಡುವವರ ಸಾಲು ಯಾವಾಗಲೂ ಗಿಡ್ಡ. ಹಾಗಾದರೂ ಈ ಹಬ್ಬ ಹುಟ್ಟಿದ್ದು ನೋಡುವವರಿಂದಲ್ಲ, ತಂದಿಟ್ಟವರಿಂದ.

ಲ್ಯಾಂಕಾಷೈರಿನ ನೇಕಾರನು ಗೆದ್ದ ಕೆಟಲು ಬೀಗದೊಳಗೆ ಇಡುವ ಬೆಳ್ಳಿಯ ಬಟ್ಟಲಲ್ಲ. ನೀರು ಕಾಯಿಸುವ ಪಾತ್ರೆ. ಅದನ್ನು ಕೊಂಡುಕೊಳ್ಳಲು ಬೇರೆ ದಾರಿಯಿತ್ತು. ಆದರೆ "ನಿನ್ನ ಹೂವು ಸರಿಯಾಗಿದೆ" ಎಂದು ತನ್ನಂತಹ ಇನ್ನೊಬ್ಬ ನೇಕಾರನ ಬಾಯಿಂದ ಕೇಳಲು ಬೇರೆ ದಾರಿಯಿರಲಿಲ್ಲ. ಮುಂದಿನ ಸಲ ಪ್ರದರ್ಶನಕ್ಕೆ ಹೋದಾಗ ಹೂವನ್ನು ನೋಡಿದ ಮೇಲೆ ಒಂದು ಗಳಿಗೆ ನಿಂತು, ಬುಡದಲ್ಲಿರುವ ಚೀಟಿಯನ್ನೂ ಓದೋಣ.