ಷಡ್ಜ ಎಲ್ಲಿದೆ, ಟೀಚರ್?

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮೆಲುದನಿಯ ಸಂಗೀತ ಕೇಳಬೇಕಾದರೆ ಕರೆಂಟು ಹೋಗಬೇಕು. ಎಡಮನೆಯಲ್ಲೂ ಬಲಮನೆಯಲ್ಲೂ ಮಗ್ಗ. ಬೆಳಗ್ಗೆ ಶುರುವಾದ ಸದ್ದು ರಾತ್ರಿ ಊಟದ ಹೊತ್ತಿಗೂ ನಿಲ್ಲುವುದಿಲ್ಲ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಆ ಸದ್ದಿನ ಮೇಲೆಯೇ ಶ್ರುತಿ ಹಿಡಿಯುವುದನ್ನು ಕಲಿತವರು. ಅದಕ್ಕೇ ಎಲ್ಲರದ್ದೂ ಗಟ್ಟಿ ಗಂಟಲು.

ಅಂಥ ಒಂದು ಸಂಜೆ ಕರೆಂಟು ಹೋಯಿತು. ಬೀದಿಯೆಲ್ಲ ಒಮ್ಮೆಗೇ ಮೌನ. ಬಹಳ ದಿನದಿಂದ ಮಕ್ಕಳಿಗೆ ಕೇಳಿಸಬೇಕೆಂದುಕೊಂಡಿದ್ದುದನ್ನು ಮೊಬೈಲಿನಲ್ಲಿ ಹಾಕಿ, ಬ್ಯಾಟರಿ ಸ್ಪೀಕರನ್ನು ಜಗಲಿಯ ಮೇಲಿಟ್ಟೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರ ಮೂರನೆಯ ಪಿಯಾನೊ ಕನ್ಚೆರ್ಟೊ. 1947ರಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಣವಾದದ್ದು. ಪಿಯಾನೊ ನುಡಿಸಿದವರು ಸ್ವತಃ ಮೆಟ್ನರ್, ಜೊತೆಗೆ ಫಿಲಾರ್ಮೋನಿಯಾ ವಾದ್ಯವೃಂದ.

ಎರಡು ನಿಮಿಷವಾಗಿರಬೇಕು. ಹತ್ತನೇ ಕ್ಲಾಸಿನ ಹುಡುಗಿ ಶ್ರುತಿಪೆಟ್ಟಿಗೆಯ ಕಡೆ ಕೈ ಚಾಚಿ, ಹಾಗೇ ತಡೆದಳು. "ಟೀಚರ್, ಇದರಲ್ಲಿ ಷಡ್ಜ ಎಲ್ಲಿದೆ? ಹಿಡೀತೀನಿ ಅನ್ನೋಷ್ಟ್ರಲ್ಲಿ ಬೇರೆ ಕಡೆ ಹೋಗಿಬಿಡುತ್ತೆ." ಪಕ್ಕದ ಮನೆಯ ನೇಕಾರರು ಮಗ್ಗ ನಿಂತಿತೆಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಸಂಗೀತ ಕಲಿತವರಲ್ಲ. ಸ್ವಲ್ಪ ಹೊತ್ತು ಕೇಳಿ, "ಏನಮ್ಮಾ ಇದು, ಎಳೆ ಕಡಿದಂಗೆ ಕೇಳ್ತದೆ, ಆದ್ರೆ ಕಡಿದಿಲ್ಲ. ಎರಡು ಲಾಳಿ ಒಂದಕ್ಕೊಂದು ತಾಕ್ದಂಗೆ ಓಡ್ತಾ ಅವೆ. ಇದು ಈಗಿನೋರು ಮಾಡಿದ್ದಾ?" ಅಂದರು.

ಈಗಿನೋರಲ್ಲ. ಮೆಟ್ನರ್ ಹುಟ್ಟಿದ್ದು 1880ರಲ್ಲಿ. ಅವರ ಕಾಲದ ಲಂಡನ್ನಿಗೆ ಅವರು ಹಳಬರಾಗಿ ಕಂಡಿದ್ದರು. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಮುಂತಾದವರ ಹೊಸ ದಾರಿ ಅವರಿಗೆ ಹಿಡಿಸಲಿಲ್ಲ. ಅದನ್ನು ವಿರೋಧಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಸ್ನೇಹಿತ ರಖ್ಮಾನಿನೋಫ್ ಲೋಕಪ್ರಸಿದ್ಧರಾದರು, ಇವರು ಮೂಲೆಯಲ್ಲೇ ಉಳಿದರು. 1921ರಲ್ಲಿ ರಷ್ಯಾ ಬಿಟ್ಟು, ಜರ್ಮನಿ, ಫ್ರಾನ್ಸ್ ತಿರುಗಿ, ಕೊನೆಗೆ ಲಂಡನ್ ಸೇರಿದರು. ಲಂಡನ್ ಹಳತೆಂದು ಪಕ್ಕಕ್ಕಿಟ್ಟ ಆ ನಾದವನ್ನು ನಮ್ಮ ಜಗಲಿಯಲ್ಲಿ ನೇಕಾರರು ಈಗಿನದ್ದೆಂದು ಎಣಿಸಿದರು. ಅವರ ಕಿವಿಯನ್ನೇ ನಾನು ನಂಬುತ್ತೇನೆ. ಮೆಟ್ನರ್ ಅವರ ಎಡಗೈ ಒಂದು ನಡೆಯಲ್ಲಿದ್ದರೆ ಬಲಗೈ ಇನ್ನೊಂದರಲ್ಲಿರುತ್ತದೆ. ಲಾಳಿಯ ಮಾತು ಹೇಳಿದವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಆ ರೆಕಾರ್ಡು ಇರುವುದೇ ಮೈಸೂರಿನಿಂದಾಗಿ. ಜಯಚಾಮರಾಜೇಂದ್ರ ಒಡೆಯರ್ ಪಿಯಾನೊ ವಾದಕರಾಗಬೇಕೆಂದು ಕನಸು ಕಂಡಿದ್ದವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್. 1940ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಪಟ್ಟ. ಪಿಯಾನೊ ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು. ತಾವು ನುಡಿಸಲಾಗದ್ದನ್ನು ಬೇರೆಯವರಿಂದ ನುಡಿಸಿದರು. ಎಚ್‌ಎಂವಿ ಕಂಪನಿಯ ವಾಲ್ಟರ್ ಲೆಗ್ ಅವರೊಡನೆ ಸೇರಿ, ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆಂದೇ ಮೆಟ್ನರ್ ಸೊಸೈಟಿ ಕಟ್ಟಿ ಹಣ ಕೊಟ್ಟರು. ಅರವತ್ತು ದಾಟಿ ಆರೋಗ್ಯ ಕುಸಿದಿದ್ದ ಮೆಟ್ನರ್ ಮೂರು ಕನ್ಚೆರ್ಟೊಗಳನ್ನೂ ಕೆಲವು ಸೊನಾಟಾಗಳನ್ನೂ ಹಾಡುಗಳನ್ನೂ ರೆಕಾರ್ಡು ಮಾಡಿಸಿ, 1951ರಲ್ಲಿ ಕಣ್ಣು ಮುಚ್ಚಿದರು. ಮೂರನೆಯ ಕನ್ಚೆರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗಲೂ ಅದರ ಖರ್ಚಿಗೆ 4,800 ಡಾಲರಿನ ಭರವಸೆ ಕೊಟ್ಟಿದ್ದು ಇವರೇ. ಅದರ ಧ್ವನಿಮುದ್ರಣ ಮೈಸೂರಿಗೆ ಬಂತು, ಅರಮನೆಯಲ್ಲಿದ್ದ ಸುಮಾರು 20,000 ರೆಕಾರ್ಡುಗಳ ಜೊತೆ ಸೇರಿತು.

ಇಷ್ಟನ್ನು ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆ ಉಕ್ಕುತ್ತದೆ, ನಿಜ. ಆದರೆ ನನ್ನನ್ನು ನಿದ್ದೆಗೆಡಿಸುವುದು ಬೇರೆ. ಮೆಟ್ನರ್ ಅವರ ರೆಕಾರ್ಡು ಲಂಡನ್ನಿನಲ್ಲಿ ಆಗುತ್ತಿದ್ದ ಹೊತ್ತಿಗೇ, 1945ರಿಂದ 1947ರ ಸುಮಾರಿಗೆ, ಮಹಾರಾಜರು ಸ್ವತಃ ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸುತ್ತಿದ್ದರು. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದವರು. ಶ್ರೀವಿದ್ಯೆಯ ಉಪಾಸಕರಾದ್ದರಿಂದ 'ಶ್ರೀವಿದ್ಯಾ' ಎಂಬ ಅಂಕಿತ. ಒಟ್ಟು 94 ಕೃತಿಗಳು, ಎಲ್ಲ ಸಂಸ್ಕೃತದಲ್ಲಿ, ಹಲವು ಅಪರೂಪದ ರಾಗಗಳಲ್ಲಿ. ದೂರದ ಒಬ್ಬ ಮರೆತುಹೋದವರಿಗೆ ದನಿ ಕೊಟ್ಟ ಮನುಷ್ಯನನ್ನು ನಾವು ನೆನಪಿಟ್ಟುಕೊಂಡದ್ದು ರಾಜರೆಂದು, ರಾಜ್ಯಪಾಲರೆಂದು, ದಸರಾ ಅಂಬಾರಿಯ ಮೇಲೆ ಕೂತವರೆಂದು. ಆ 94ರಲ್ಲಿ ನಾನು ಕಛೇರಿಗಳಲ್ಲಿ ಕೇಳಿರುವುದು ಹೆಚ್ಚೆಂದರೆ ಏಳೆಂಟು. 'ಅಪರೂಪದ ರಾಗ, ಜನಕ್ಕೆ ಹಿಡಿಸಲ್ಲ' ಎಂಬ ಮಾತು ನನಗೂ ಎಷ್ಟೋ ಸಲ ಸಿಕ್ಕಿದೆ. ಜನಕ್ಕೆ ಕೇಳಿಸದೆ ಹಾಗೆ ಹೇಳುವುದು ಅನ್ಯಾಯ.

ಒಂದು ರಾಮನವಮಿಗೆ ಊರಿನ ಪೆಂಡಾಲಿನಲ್ಲಿ ಅವರ 'ಶ್ರೀ ಜಾಲಂಧರ' ಹಾಡಿದೆ. ರಾಗ ಗಂಭೀರನಾಟ: ಸ ಗ ಮ ಪ ನಿ, ಐದೇ ಸ್ವರ. ರಿಷಭ, ಧೈವತ ಎರಡೂ ಇಲ್ಲವಾದ್ದರಿಂದ ಗಾಂಧಾರಕ್ಕೂ ನಿಷಾದಕ್ಕೂ ನೆಗೆದೇ ಹೋಗಬೇಕು. ಹಾಡುವವರ ಎದೆಯಲ್ಲಿ ಏನೋ ತೆರೆದುಕೊಂಡ ಹಾಗಾಗುತ್ತದೆ. ಮುಂದಿನ ಸಾಲಿನಲ್ಲಿ ಪಾನಕದ ಲೋಟ ಹಿಡಿದವರು ಮುಖ ಮುಖ ನೋಡಿಕೊಂಡರು. ಕೃತಿ ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಮಂಗಳ ಆದ ಮೇಲೆ, ಘಾಟಿ ಸುಬ್ರಹ್ಮಣ್ಯದ ತೇರಿಗೆ ಓಲಗ ಊದಿ ಹಣ್ಣಾದ ಹಿರಿಯರೊಬ್ಬರು ಹತ್ತಿರ ಬಂದರು. "ಇದು ನಮ್ಮ ಮಲ್ಲಾರಿ ರಾಗ ಅಲ್ವೇನಮ್ಮಾ? ದೇವರು ಹೊರಡೋವಾಗ ಊದೋದು. ನಾವು ಇದನ್ನ ಬರೀ ಊದ್ಕೊಂಡೇ ಬಂದ್ವಿ. ಇದಕ್ಕೆ ಮಾತು ಕೂರಿಸ್ಬೋದು ಅಂತ ನನಗೆ ಹೊಳೀಲಿಲ್ಲ." ಪಲ್ಲವಿಯನ್ನು ಇನ್ನೊಮ್ಮೆ ಹಾಡಿಸಿಕೊಂಡರು. ಎರಡನೆಯ ಸಲ ಅವರ ಬೆರಳುಗಳು ಗಾಳಿಯಲ್ಲೇ ನಾಗಸ್ವರದ ತೂತುಗಳ ಮೇಲೆ ಆಡುತ್ತಿದ್ದವು, ಗಾಂಧಾರಕ್ಕೆ ಬಂದಾಗಲೆಲ್ಲ ಒಂದು ಬೆರಳು ಸ್ವಲ್ಪ ಹೆಚ್ಚು ಹೊತ್ತು ಎದ್ದೇ ಇರುತ್ತಿತ್ತು.

ತೇರಿನ ಮುಂದೆ ಬೀದಿಯಲ್ಲಿ ಮೊಳಗುವ ರಾಗವನ್ನು ಅರಮನೆಯ ಪಿಯಾನೊ ಕೋಣೆಯಿಂದ ಬಂದ ಮನುಷ್ಯ ಎತ್ತಿಕೊಂಡು ಕೃತಿ ಕಟ್ಟಿದರು. ಪಾಶ್ಚಾತ್ಯ ಸಂಗೀತ ಅಷ್ಟು ಬಲ್ಲವರಾದರೂ ಅದನ್ನು ತಂದು ಇಲ್ಲಿ ಬೆರೆಸಲಿಲ್ಲ. ಅದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಕೇಳದೆ ಬಿಟ್ಟಿದ್ದ ಸ್ವರಗಳ ಕಡೆ ಕಿವಿ ತಿರುಗಿಸುವ ಅಭ್ಯಾಸ ಮಾತ್ರ ಎರಡು ಕಡೆಯೂ ಒಂದೇ.

ಆ ಸಂಜೆ ಕನ್ಚೆರ್ಟೊ ಮುಗಿಯುವ ಮೊದಲೇ ಕರೆಂಟು ಬಂತು. ಒಂದರ ಹಿಂದೆ ಒಂದು ಮಗ್ಗ ಬಡಿಯತೊಡಗಿ ಪಿಯಾನೊ ಮುಳುಗಿಹೋಯಿತು. ನೇಕಾರರು ಎದ್ದು, ಪಂಚೆ ಕೊಡವಿ, ನಿಂತಲ್ಲೇ ಇನ್ನೂ ಸ್ವಲ್ಪ ಹೊತ್ತು ಸ್ಪೀಕರಿನತ್ತ ತಲೆ ವಾಲಿಸಿದರು. ಈಗ ಕರೆಂಟು ಹೋದಾಗಲೆಲ್ಲ ಗೋಡೆಯಾಚೆಯಿಂದ ಅವರ ದನಿ ಬರುತ್ತದೆ: "ಅಮ್ಮಾ, ಆ ರಷ್ಯಾದೋರ್ದು ಹಾಕಿ." ಹುಡುಗಿ 'ಶ್ರೀ ಜಾಲಂಧರ'ದ ಪಲ್ಲವಿಯನ್ನು ಸ್ವರ ಹಾಕಿ ಬರೆದುಕೊಂಡಿದ್ದಾಳೆ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ, ಮೆಟ್ನರ್ ಅವರ ಷಡ್ಜ ಎಲ್ಲೆಲ್ಲಿ ನಿಂತಂತೆ ತೋರಿತೋ ಆ ನಿಮಿಷಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಾಳೆ. ನಿನ್ನೆ ನೋಡಿದೆ, ಹನ್ನೊಂದು ಗುರುತಾಗಿತ್ತು.